ಸೋಮವಾರದ ಮಾತ್ರೆ

ಚಾಮರಾಜನಗರ
3 ನವೆಂಬರ್ 2025, ಸೋಮವಾರ

ಅತ್ತಿಗೆಗೆ ಶಾಂತಿಯ ನಮಸ್ಕಾರ.

ನಿನ್ನೆ ಮಧ್ಯಾಹ್ನ ನಿಮ್ಮ ಕೈಯ ಉಪ್ಸಾರು ಮುದ್ದೆ ಉಂಡು ಬಸ್ಸು ಹತ್ತಿದವಳು ಇವತ್ತೇ ಕಾಗದ ಬರೆಯುತ್ತಿದ್ದಾಳೆ, ಇವಳಿಗೆ ಬೇರೆ ಕೆಲಸವಿಲ್ಲವೇ ಎಂದುಕೊಳ್ಳಬೇಡಿ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ತೆರಕಣಾಂಬಿ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗಲಿಯೊಂದರಲ್ಲೇ, ಜಗಲಿ ಅವ್ವನದು. ನೀವು ಹಲೋ ಅನ್ನುವ ಮೊದಲೇ "ಯಾರಮ್ಮಿ ಅದು, ಸ್ಪೀಕರ್‌ಗಾಕು" ಅನ್ನುತ್ತಾಳೆ. ಅಣ್ಣನಿಗೆ ಹೇಳೋಣವೆಂದರೆ ಫಾರೆಸ್ಟ್ ವಾಚರು, ವಾರಕ್ಕೊಮ್ಮೆ ಕ್ಯಾಂಪಿನಿಂದ ಇಳಿದರೆ ಹೆಚ್ಚು. ನಮ್ಮ ಲ್ಯಾಬಿನಲ್ಲಿ ಬಿಲ್ ಬರೆಯುವ ಕರೀಮುನ್ನೀಸಕ್ಕ ದಿನಾ ನಿಮ್ಮೂರಿನಿಂದಲೇ ಬರುತ್ತಾರಲ್ಲ, ಅವರ ಊಟದ ಬ್ಯಾಗಿನಲ್ಲಿ ಇದನ್ನು ಕಳಿಸುತ್ತಿದ್ದೇನೆ. ಉತ್ತರವನ್ನೂ ಅವರ ಕೈಗೇ ಕೊಡಿ. ಅವ್ವನಿಗೆ ಓದು ಬರದಿರುವುದು ಇವತ್ತು ಮೊದಲ ಸಲ ಉಪಯೋಗಕ್ಕೆ ಬಂತು.

ಸುಸ್ತು ಸುಸ್ತು ಅಂತಾಳೆಂದು ನಿನ್ನೆ ಅವ್ವನ ರಕ್ತ ತೆಗೆದುಕೊಂಡು ಬಂದೆನಲ್ಲ, ರಿಪೋರ್ಟ್ ಬಂತು. ಗಾಬರಿಯಾಗುವಂಥದ್ದೇನೂ ಇಲ್ಲ. ರಕ್ತ ಸ್ವಲ್ಪ ಕಮ್ಮಿ ಇದೆ, ಅಷ್ಟೇ.

ಸುಮ್ಮನೆ ಕೆಲವು ವಿಷಯ ಕೇಳಬೇಕು. ಹದಿನೈದು ದಿನದೊಳಗೆ ಅವ್ವನಿಗೆ ಜ್ವರ ಬಂದಿತ್ತಾ? ಮೈಮೇಲೆ ಎಲ್ಲಾದರೂ ಏಟು ಬೀಳದೇ ಕಂದಿದ ಹಾಗೆ ಕಾಣುತ್ತದಾ? ಸೊಪ್ಪು, ಕಾಳು ಸರಿಯಾಗಿ ತಿನ್ನಿಸುತ್ತೀರಾ, ಇಲ್ಲ ಬರೀ ಮುದ್ದೆ ಸಾರಿನಲ್ಲೇ ಮುಗಿಸುತ್ತಾಳಾ? ಹಿತ್ತಲಿಗೆ ಈಗಲೂ ಬರಿಗಾಲಲ್ಲೇ ಹೋಗುತ್ತಾಳಾ? ಹೊಟ್ಟೆಯಲ್ಲಿ ಹುಳುವಿದ್ದರೂ ರಕ್ತ ಇಳಿಯುತ್ತದೆ. ಯಾರಾದರೂ ನಾಟಿ ಔಷಧಿ ಕೊಟ್ಟಿದ್ದಾರಾ? ಮಾತ್ರೆ ಏನೇನು ನಡೆಯುತ್ತಿದೆ?

ಎಲ್ಲಕ್ಕೂ ಉತ್ತರ ಬರೆಯಿರಿ. ಓದಿದ ಮೇಲೆ ಒಲೆಗೆ ಹಾಕಿ.

ನಿಮ್ಮ
ಶಾಂತಿ

ತೆರಕಣಾಂಬಿ
5 ನವೆಂಬರ್ 2025

ಶಾಂತಿ,

ನಿನ್ನ ಕಾಗದ ತಲುಪಿತು. ಒಲೆಗೆ ಹಾಕಲಿಲ್ಲ. ನಮ್ಮ ಮನೆಗೆ ಗ್ಯಾಸ್ ಬಂದು ಎಂಟು ವರ್ಷವಾಯಿತು, ನೀನು ಮರೆತಿರಬಹುದು. ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ.

ಸುಮ್ಮನೆ ಕೇಳುತ್ತೇನೆ ಎಂದು ಇಷ್ಟೊಂದು ಕೇಳಿದ್ದೀಯ. ಪೊಲೀಸರೂ ಇಷ್ಟು ಕೇಳುವುದಿಲ್ಲ. ಜ್ವರ ಬಂದಿಲ್ಲ. ಕಂದಿದ್ದು ನಾನು ನೋಡಿಲ್ಲ, ನಿನ್ನ ಅವ್ವ ಸೀರೆ ಮೊಣಕಾಲಿಗಿಂತ ಮೇಲೆತ್ತಿ ನನಗೆ ತೋರಿಸುವವರಲ್ಲ. ಸೊಪ್ಪು ವಾರಕ್ಕೆ ನಾಲ್ಕು ದಿನ, ಹಿತ್ತಲಲ್ಲೇ ಬೆಳೆದದ್ದು. ಬೇಕಾದರೆ ಭಾನುವಾರ ಬಂದು ಮಡಿ ಎಣಿಸು. ಚಪ್ಪಲಿ ನಾನೇ ಎರಡು ಜೊತೆ ತಂದುಕೊಟ್ಟೆ, ಅವು ಬಾಗಿಲಲ್ಲಿ ಹೊಸದಾಗಿಯೇ ಕೂತಿವೆ. ನಾಟಿ ಔಷಧಿ ಇಲ್ಲ. ಕೀಲುನೋವಿಗೆ ಗುಂಡ್ಲುಪೇಟೆ ಡಾಕ್ಟರು ಬರೆದ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ, ಅದನ್ನು ನನ್ನ ಕೈಯಾರೆ ಕೊಡುತ್ತೇನೆ. ಅವರ ಬೆರಳಿಗೆ ಸ್ಟ್ರಿಪ್ ಒಡೆಯಲು ಬರುವುದಿಲ್ಲ. ಒಂದೇ ಒಂದು ದಿನ ತಪ್ಪಿಸಿಲ್ಲ.

ಸಾರು ಬೇಡ, ಮಜ್ಜಿಗೆ ಅನ್ನ ಸಾಕು ಅನ್ನುತ್ತಿದ್ದಾರೆ. ಕಾರ್ತಿಕದ ವ್ರತವಲ್ಲವೇ, ಅದಕ್ಕೇ ಇರಬೇಕು. ಕಡೇ ಸೋಮವಾರ ಮಾದಪ್ಪನ ಬೆಟ್ಟಕ್ಕೆ ಹೋಗಲೇಬೇಕೆಂದು ಈಗಲೇ ಗಂಟು ಕಟ್ಟಿಟ್ಟಿದ್ದಾರೆ. ನಾನು ಸುಸ್ತಿನ ಮಾತೆತ್ತಿದರೆ, "ನಂಗೇನಾಗದೆ ಕಣಮ್ಮಿ, ಗುಂಡುಕಲ್ಲಂಗಿವ್ನಿ. ಆ ಸೂಜಿ ಸಾಂತಿ ಮಾತ್ ಕಟ್ಕಂಡು ನನ್ ಬೆಟ್ಟ ತಪ್ಪಿಸ್ಬುಟ್ಟೀಯ" ಅನ್ನುತ್ತಾರೆ.

ನಾನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಅನ್ನಿಸಿದರೆ ನೇರವಾಗಿ ಹೇಳು. ಸೊಪ್ಪು, ಚಪ್ಪಲಿ ಎಂದು ಸುತ್ತಿ ಬರಬೇಡ.

ಭವ್ಯ

ಚಾಮರಾಜನಗರ
6 ನವೆಂಬರ್ 2025

ಅತ್ತಿಗೆ,

ನಿಮ್ಮ ಮೇಲೆ ತಪ್ಪು ಹೊರಿಸಲು ನಾನು ಕೇಳಲಿಲ್ಲ. ಹೇಗೆ ಬರೆದರೂ ತಪ್ಪಾಗುತ್ತದೆ, ಮೂರು ಸಲ ಬರೆದು ಹರಿದೆ. ಮೈಕ್ರೋಸ್ಕೋಪಿನ ಮುಂದೆ ಕೂತರೆ ಎದ್ದು ಕಿಟಕಿಗೆ ಹೋಗುತ್ತೇನೆ, ಕಿಟಕಿಯಿಂದ ಮತ್ತೆ ಮೈಕ್ರೋಸ್ಕೋಪಿಗೆ. ಕರೀಮುನ್ನೀಸಕ್ಕ "ಏನಮ್ಮ, ಇರುವೆ ಬಿಟ್ಟುಕೊಂಡಿದ್ದೀಯಾ" ಎಂದು ಕೇಳಿದರು.

ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ನಾವು ರಕ್ತದಲ್ಲಿ ಮೂರು ಥರದ ಕಣ ಎಣಿಸುತ್ತೇವೆ. ಕೆಂಪು ಕಣ ಉಸಿರಿಗೆ, ಬಿಳಿ ಕಣ ರೋಗದ ವಿರುದ್ಧ ಕಾವಲಿಗೆ, ಪ್ಲೇಟ್‌ಲೆಟ್ ಗಾಯವಾದಾಗ ರಕ್ತ ಕಟ್ಟಲು. ಕಬ್ಬಿಣ ಕಮ್ಮಿಯಾದರೆ ಕೆಂಪು ಇಳಿಯುತ್ತದೆ. ಡೆಂಗಿಯಾದರೆ ಪ್ಲೇಟ್‌ಲೆಟ್ ಇಳಿಯುತ್ತದೆ, ಈ ಮಳೆಗಾಲವಿಡೀ ಅದನ್ನೇ ನೋಡಿ ಸಾಕಾಗಿದೆ. ಸೋಂಕಾದರೆ ಬಿಳಿ ಏರುತ್ತದೆ. ಇವೆಲ್ಲ ನಮಗೆ ದಿನಾ ಬರುವ ನೆಂಟರು. ಅವ್ವನ ರಕ್ತದಲ್ಲಿ ಮೂರೂ ಒಟ್ಟಿಗೆ ಇಳಿದಿವೆ.

ಕೆಲವು ಸಲ ಟ್ಯೂಬಿನೊಳಗೆ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡು ಮೆಷಿನ್ನು ಕಮ್ಮಿ ತೋರಿಸುವುದುಂಟು. ಎರಡು ಸಲ ಹಾಕಿದೆ. ಸ್ಲೈಡ್ ಮಾಡಿ ಕಣ್ಣಲ್ಲೇ ನೋಡಿದೆ. ಮಾತ್ರೆಯಿಂದಲೂ ಹೀಗಾಗಬಹುದು, ಆದರೆ ಡಾಕ್ಟರ ಚೀಟಿ ಆಗಸ್ಟ್‌ನಲ್ಲಿ ನಾನೇ ನೋಡಿದ್ದೇನೆ. ವಾರಕ್ಕೊಂದು ಸಣ್ಣ ಮಾತ್ರೆ, ಜೊತೆಗೆ ವಿಟಮಿನ್ನು. ಅದರಿಂದ ಇಷ್ಟಾಗುವುದಿಲ್ಲ.

ಇನ್ನೊಂದು ಸಲ ರಕ್ತ ಬೇಕು. ನೇರಳೆ ಮುಚ್ಚಳದ ಎರಡು ಟ್ಯೂಬು ಕಳಿಸಿದ್ದೇನೆ. ನಿಮ್ಮ ಬೀದಿಯ ನರ್ಸಮ್ಮನನ್ನು ಕರೆದು ಶನಿವಾರ ಬೆಳಿಗ್ಗೆ ತೆಗೆಸಿ, ಕರೀಮುನ್ನೀಸಕ್ಕನ ಬಸ್ಸಿಗೆ ಕೊಡಿ. ತೆಗೆದ ಕೂಡಲೇ ಟ್ಯೂಬನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು, ಕುಲುಕಬಾರದು. ಸಕ್ಕರೆ ಪರೀಕ್ಷೆ ಎಂದು ಅವ್ವನಿಗೆ ಹೇಳಿ.

ಶಾಂತಿ

ತೆರಕಣಾಂಬಿ
8 ನವೆಂಬರ್ 2025, ಬೆಳಿಗ್ಗೆ

ಶಾಂತಿ,

ಎರಡೂ ಟ್ಯೂಬು ಕಳಿಸಿದ್ದೇನೆ. ಕುಲುಕಿಲ್ಲ. ಸೂಜಿ ತೆಗೆದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದು ಬಹಳ ಹೊತ್ತಾದರೂ ರಕ್ತ ನಿಲ್ಲಲಿಲ್ಲ. ನರ್ಸಮ್ಮ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ.

ನಿನ್ನ ರಿಪೋರ್ಟಿನಲ್ಲಿ ಏನಿದೆ ಎಂದು ನೀನು ಪೂರ್ತಿ ಬರೆದಿಲ್ಲ. ನಾನು ಪಿಯುಸಿ ಪಾಸು ಮಾಡಿದವಳು, ಹೇಳಿದರೆ ಅರ್ಥವಾಗುತ್ತದೆ.

ಭವ್ಯ

ಚಾಮರಾಜನಗರ
10 ನವೆಂಬರ್ 2025, ಸೋಮವಾರ

ಅತ್ತಿಗೆ,

ಪೂರ್ತಿ ಹೇಳುತ್ತೇನೆ. ಹೇಳದಿದ್ದುದು ತಪ್ಪು.

ಮೊದಲ ಸಲ ಬಿಳಿ ಕಣ 2,900 ಇತ್ತು. ನಾಲ್ಕು ಸಾವಿರಕ್ಕಿಂತ ಕೆಳಗಿರಬಾರದು. ಪ್ಲೇಟ್‌ಲೆಟ್ 95 ಸಾವಿರ, ಒಂದೂವರೆ ಲಕ್ಷವಾದರೂ ಇರಬೇಕು. ಹಿಮೋಗ್ಲೋಬಿನ್ 8.6. ನೀವು ಶನಿವಾರ ಕಳಿಸಿದ್ದರಲ್ಲಿ ಬಿಳಿ 1,900, ಪ್ಲೇಟ್‌ಲೆಟ್ 52 ಸಾವಿರ, ಹಿಮೋಗ್ಲೋಬಿನ್ 7.4. ಆರು ದಿನದಲ್ಲಿ ಇಷ್ಟು ಇಳಿದಿದೆ.

ನಮ್ಮ ಪೆಥಾಲಜಿ ಡಾಕ್ಟರು ಮಲ್ಲಿಕಾರ್ಜುನಸ್ವಾಮಿಯವರು ಸ್ಲೈಡನ್ನು ಅರ್ಧ ಗಂಟೆ ನೋಡಿದರು. ಹೆಸರು ಮುಚ್ಚಿ ಕೊಟ್ಟಿದ್ದೆ. ನೋಡಿ ಮುಗಿಸಿ, "ಯಾರದಮ್ಮ ಇದು? ಮೂಳೆಯೊಳಗೆ ರಕ್ತ ತಯಾರಾಗೋ ಜಾಗಾನೇ ಕೆಲಸ ನಿಲ್ಲಿಸಿದ ಹಾಗಿದೆ. ಮೈಸೂರಿಗೆ ಕಳಿಸಿ ಮಜ್ಜೆ ಪರೀಕ್ಷೆ ಮಾಡಿಸಬೇಕು" ಎಂದರು. ಗೊತ್ತಿರುವವರದು ಎಂದೆ, ನಮ್ಮವ್ವನದು ಎನ್ನಲಿಲ್ಲ.

ಬ್ಲಡ್ ಕ್ಯಾನ್ಸರ್ ಇರಬಹುದು ಅತ್ತಿಗೆ. ಬರೆದುಬಿಟ್ಟೆ. ಎಂಟು ದಿನದಿಂದ ಈ ಎರಡು ಪದವನ್ನು ಬಾಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

ನಿನ್ನೆ ಮೈಸೂರಿಗೆ ಹೋಗಿ ಗುರುವಾರಕ್ಕೆ ಗೊತ್ತು ಮಾಡಿ ಬಂದೆ. ಏನಾದರೂ ಹೇಳಿ ಅವ್ವನನ್ನು ಕರೆದುಕೊಂಡು ಬನ್ನಿ. ಬೆಟ್ಟಕ್ಕೆ ಹೋಗುವ ಮೊದಲು ಡಾಕ್ಟರ ಒಪ್ಪಿಗೆ ಬೇಕು ಎನ್ನಿ. ಅಣ್ಣನಿಗೆ ನಾನೇ ಹೇಳುತ್ತೇನೆ. ಇಷ್ಟು ದಿನ ನಿಮಗೆ ಕಾಣದೆ ಹೋಯಿತಲ್ಲ ಎಂದು ಒಂದೊಂದು ಕ್ಷಣ ಸಿಟ್ಟು ಬರುತ್ತದೆ. ಆಮೇಲೆ, ದಿನಾ ರಕ್ತ ನೋಡುವ ನನಗೇ ಕಾಣಲಿಲ್ಲ ಎನಿಸುತ್ತದೆ.

ಶಾಂತಿ

ತೆರಕಣಾಂಬಿ
11 ನವೆಂಬರ್ 2025

ಶಾಂತಿ,

ಡೇರಿಗೆ ಹಾಲು ಹಾಕಿ ಬರುತ್ತಾ ದಾರಿಯಲ್ಲೇ ನಿನ್ನ ಕಾಗದ ಓದಿದೆ. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. "ಯಾಕಮ್ಮಿ ಮೊಕ ಇಂಗ್ ಮಾಡ್ಕಂಡಿದ್ದೀಯ, ಹಾಲ್ ಚೆಲ್ದಾ?" ಎಂದರು. ಚೆಲ್ಲಿತು ಎಂದೆ.

ನಿಮಗೆ ಕಾಣದೆ ಹೋಯಿತಲ್ಲ ಎಂದು ಬರೆದಿದ್ದೀಯ. ಕಂಡಿತ್ತು. ಅವರ ಬಾಯಲ್ಲೆಲ್ಲ ಹುಣ್ಣಾಗಿ ಹತ್ತು ದಿನವಾಯಿತು. ಖಾರ ಉಣ್ಣಲು ಆಗುತ್ತಿಲ್ಲ, ಮಜ್ಜಿಗೆ ಅನ್ನಕ್ಕೂ ಕಣ್ಣಲ್ಲಿ ನೀರು ಬರುತ್ತದೆ. "ಸಾಂತಿಗೇಳುದ್ರೆ ನಮ್ ಮಾದಪ್ಪನಾಣೆ" ಎಂದು ಕೈಮೇಲೆ ಕೈ ಹಾಕಿಸಿಕೊಂಡರು, ಬೆಟ್ಟ ತಪ್ಪುತ್ತದೆಂದು. ಆಣೆಗೆ ಹೆದರಿ ಸುಮ್ಮನಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ನೋಡಿಕೊಳ್ಳಲಿಲ್ಲ ಎಂದು ಮಾತ್ರ ಅನ್ನಬೇಡ. ಅದನ್ನು ನಾನು ತಡೆಯಲಾರೆ.

ಆ ಮಾತ್ರೆಯ ವಿಷಯದಲ್ಲೇ ನೋಡು. ಸೋಮವಾರ ಮಾತ್ರ ಒಂದು, ಉಳಿದ ಆರು ದಿನ ವಿಟಮಿನ್ನು ಎಂದು ಚೀಟಿಯಲ್ಲಿ ಬರೆದಿದ್ದಾರೆ. ಅತ್ತೆಯೇ ಸೋಮವಾರ ಬೇಕೆಂದರಂತೆ, ಮಾದಪ್ಪನ ದಿನ ಮರೆಯುವುದಿಲ್ಲ ಎಂದು. ಮಾಮೂಲು ಸೋಮವಾರ ಒಪ್ಪೊತ್ತು, ಪೂಜೆಯಾದ ಮೇಲೆ ಉಂಡು ನುಂಗುತ್ತಿದ್ದರು. ಬೆರಳು ಎಷ್ಟು ಸಡಿಲವಾಗಿದ್ದವು ಎಂದು ನೀನೇ ನೋಡಿದ್ದೀಯ. ಕಾರ್ತಿಕದ ಸೋಮವಾರ ಹಾಗಲ್ಲ, ಇಡೀ ದಿನ ತೀರ್ಥ ಮತ್ತು ಒಂದು ಬಾಳೆಹಣ್ಣು. ಅಷ್ಟು ಗಟ್ಟಿ ಮಾತ್ರೆಯನ್ನು ಬರೀ ಹೊಟ್ಟೆಗೆ ಹೇಗೆ ಕೊಡುವುದು? ಡಾಕ್ಟರಿಗೆ ನಮ್ಮ ಕಾರ್ತಿಕ ಏನು ಗೊತ್ತು? ಅದಕ್ಕೇ ಅದಲು ಬದಲು ಮಾಡಿದೆ. ಸೋಮವಾರ ತೀರ್ಥದ ಜೊತೆ ವಿಟಮಿನ್ನು, ಹೊಟ್ಟೆ ತುಂಬ ಉಣ್ಣುವ ಆರು ದಿನ ಆ ಮಾತ್ರೆ. ನಿನ್ನನ್ನು ಕೇಳಿಯೇ ಮಾಡಿದ್ದು, ಡೇರಿಯ ಹತ್ತಿರದಿಂದ ಫೋನ್ ಮಾಡಿದಾಗ ನೀನು ಹೂಂ ಎಂದಿದ್ದೆ. ಮುಗಿದುಹೋಗುತ್ತದೆಂದು ನಾನೇ ಗುಂಡ್ಲುಪೇಟೆಗೆ ಹೋಗಿ ಚೀಟಿ ತೋರಿಸಿ ಇನ್ನೆರಡು ಸ್ಟ್ರಿಪ್ ತಂದೆ. ಇವತ್ತೂ ಬೆಳಿಗ್ಗೆ ಇಡ್ಲಿ ತಿನ್ನಿಸಿ ಕೊಟ್ಟಿದ್ದೇನೆ. ಇಷ್ಟು ಯಾವ ಸೊಸೆ ಮಾಡುತ್ತಾಳೆ ಹೇಳು.

ಗುರುವಾರ ಕರೆದುಕೊಂಡು ಬರುತ್ತೇನೆ. ಅತ್ತೆಗೆ ಏನೂ ಆಗಬಾರದು ಶಾಂತಿ. ಅವರು ಬೈಯದಿದ್ದರೆ ನನಗೆ ಬೆಳಗಾಗುವುದಿಲ್ಲ.

ಭವ್ಯ

ಮೈಸೂರು, ಆಸ್ಪತ್ರೆ
18 ನವೆಂಬರ್ 2025

ಅತ್ತಿಗೆ,

ಅವತ್ತು ನಿಮ್ಮ ಕಾಗದ ಓದಿ ಅರ್ಧಕ್ಕೇ ಫೋನ್ ಮಾಡಿ ಕಿರುಚಿದೆನಲ್ಲ, ಸ್ಪೀಕರ್‌ನಲ್ಲಿ ಬೀದಿಗೆಲ್ಲ ಕೇಳಿಸಿರಬೇಕು. ಗುರುವಾರದವರೆಗೂ ಕಾಯದೆ ಆ ಮಧ್ಯಾಹ್ನವೇ ಕಾರು ಮಾಡಿಕೊಂಡು ಇಲ್ಲಿಗೆ ಓಡಿ ಬಂದದ್ದು, ನಿಮ್ಮನ್ನು ಹಸು ಕರುವಿಗೆಂದು ಅಲ್ಲೇ ಬಿಟ್ಟದ್ದು, ಯಾವುದನ್ನೂ ನಿಧಾನವಾಗಿ ಹೇಳಲು ಆಗಲಿಲ್ಲ.

ಕ್ಯಾನ್ಸರ್ ಅಲ್ಲ. ಮಜ್ಜೆ ಪರೀಕ್ಷೆಯನ್ನೇ ಮಾಡಲಿಲ್ಲ. ನಿಮ್ಮ ಆ ಅರ್ಧ ಪುಟ ಇಲ್ಲದಿದ್ದರೆ ಇನ್ನೂ ಒಂದು ವಾರ ಹುಡುಕುತ್ತಿದ್ದೆವು, ಅವ್ವ ಅಷ್ಟು ದಿನ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅದು ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ವಾರಕ್ಕೊಂದು ತಿಂದರೆ ಕೀಲಿಗೆ ಒಳ್ಳೆಯದು. ದಿನಾ ತಿಂದರೆ ಮಜ್ಜೆಯಲ್ಲಿ ಹೊಸ ಕಣ ಹುಟ್ಟುವುದನ್ನೇ ನಿಲ್ಲಿಸುತ್ತದೆ, ಬಾಯಲ್ಲಿ ಹುಣ್ಣೇಳುತ್ತದೆ. ಈಗ ಕೊಡುತ್ತಿರುವ ಇಂಜೆಕ್ಷನ್ ನೀವು ಸೋಮವಾರ ಕೊಡುತ್ತಿದ್ದ ವಿಟಮಿನ್ನಿನ ಜಾತಿಯದೇ.

ಪ್ಲೇಟ್‌ಲೆಟ್ 21 ಸಾವಿರಕ್ಕೆ ಇಳಿದಿತ್ತು. ಮೂರು ದಿನ ನಾನು ಕುರ್ಚಿಯಲ್ಲಿ ಸರಿಯಾಗಿ ಕೂತಿಲ್ಲ. ಶನಿವಾರದಿಂದ ಏರುತ್ತಿದೆ, ಇವತ್ತು 60 ಸಾವಿರ. ನಿನ್ನೆ ಕಡೇ ಕಾರ್ತಿಕ ಸೋಮವಾರ. ನರ್ಸು ಮಾತ್ರೆ ತಂದರೆ ಅವ್ವ ಬಾಯಿ ಬಿಗಿದುಕೊಂಡು, "ನುಂಗಕಿಲ್ಲ. ಚುಚ್ಚೋದಾದ್ರೆ ಎಷ್ಟಾದ್ರೂ ಚುಚ್ಚು, ಅದು ಉಪಾಸ ಕೆಡ್ಸಾಕಿಲ್ಲ" ಎಂದಳು. ವಾರ್ಡಿನವರೆಲ್ಲ ನಕ್ಕರು. ನಾನು ಹೊರಗೆ ಹೋಗಿ ಅತ್ತುಬಿಟ್ಟೆ.

ಅಣ್ಣನಿಗೆ ಮಾತ್ರೆ ಒಗ್ಗಲಿಲ್ಲ ಎಂದಷ್ಟೇ ಹೇಳಿದ್ದೇನೆ. ನೀವೂ ಹಾಗೇ ಹೇಳಿ. ಶುಕ್ರವಾರ ಮನೆಗೆ ಕಳಿಸುತ್ತಾರಂತೆ.

ಶಾಂತಿ

ಕುದೇರು
23 ನವೆಂಬರ್ 2025

ಶಾಂತಿ,

ಅತ್ತೆಯನ್ನು ಮನೆಗೆ ಕರೆದುಕೊಂಡು ಬಂದು ನೋಡಿದರೆ ನಾನಿಲ್ಲ ಎಂದು ಬೇಸರಪಟ್ಟಿರಬಹುದು. ನಮ್ಮ ಅಪ್ಪನ ಮನೆಗೆ ಬಂದಿದ್ದೇನೆ. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದೆ.

ಒಗ್ಗಲಿಲ್ಲ ಎಂಬ ಸುಳ್ಳು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಗುರುವಾರ ನಿಮ್ಮಣ್ಣ ಬಟ್ಟೆ ತೆಗೆದುಕೊಂಡು ಹೋಗಲು ಬಂದಾಗ ಎಲ್ಲ ಹೇಳಿದೆ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. ಆಮೇಲೆ, "ಯಾರ್ನ್ ಕೇಳಿ ಬದ್ಲಾಯ್ಸ್‌ದೆ?" ಎಂದರು. ಯಾರನ್ನೂ ಕೇಳಲಿಲ್ಲ ಎಂದೆ. "ಡಾಕ್ಟ್ರುಗಿಂತ ನೀನು ದೊಡ್ಡೋಳಾ? ನಮ್ಮವ್ವುನ್ನ ಸಾಯಿಸ್ಬುಡ್ತಿದ್ದಲ್ಲ" ಎಂದರು. ಹದಿಮೂರು ವರ್ಷದಲ್ಲಿ ಅವರು ನನಗೆ ದನಿಯೆತ್ತಿದ್ದು ಅದೇ ಮೊದಲು. ಅದರಲ್ಲಿ ಸುಳ್ಳೇನಿದೆ?

ಬೆರಳು ಸಡಿಲವಾಯಿತು ಎಂದು ಅತ್ತೆ ಖುಷಿಯಿಂದ ಬತ್ತಿ ಹೊಸೆಯುತ್ತಿದ್ದರು. ಅದೇ ಬೆರಳಿನಿಂದ ನನ್ನ ಕೈಯಲ್ಲಿದ್ದ ಮಾತ್ರೆ ಎತ್ತಿಕೊಂಡು, ಒಂದು ಮಾತು ಕೇಳದೆ ದಿನಾ ನುಂಗಿದರು. ನನಗೆ ಅನ್ನ ಸೇರುತ್ತಿಲ್ಲ. ಅವರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಕೌಂಟ್ ಎಷ್ಟಾಯಿತೆಂದು ಮಾತ್ರ ಬರೆ. ಇಲ್ಲಿಗೆ ಅಂಚೆಯಲ್ಲಿ ಹಾಕು. ನೀನು ನೆಮ್ಮದಿಯಾಗಿರು, ನಿನ್ನ ಹೆಸರು ಎಲ್ಲೂ ಬಂದಿಲ್ಲ, ಬರುವುದೂ ಇಲ್ಲ. ರಕ್ತ ಪರೀಕ್ಷೆ ಮಾಡುವವಳ ಮೇಲೆ ಜನರ ನಂಬಿಕೆ ಹೋದರೆ ಕಷ್ಟ.

ಭವ್ಯ

ತೆರಕಣಾಂಬಿ
27 ನವೆಂಬರ್ 2025

ಅತ್ತಿಗೆ,

ಬಿಳಿ 5,200. ಪ್ಲೇಟ್‌ಲೆಟ್ ಒಂದು ಲಕ್ಷದ ತೊಂಬತ್ತು ಸಾವಿರ. ಹಿಮೋಗ್ಲೋಬಿನ್ ಮಾತ್ರ ನಿಧಾನ, 8.9. ಬಾಯಿಯ ಹುಣ್ಣು ಒಣಗಿದೆ. ನೀವು ಕೇಳಿದ್ದು ಇಷ್ಟೇ. ಕೇಳದಿದ್ದುದನ್ನೂ ಬರೆಯಬೇಕು.

"ನಿನ್ನನ್ನು ಕೇಳಿಯೇ ಮಾಡಿದ್ದು" ಎಂದು ನೀವು ಬರೆದ ಸಾಲನ್ನು ನಾನು ಓದಿದ್ದೆ. ಅವತ್ತೇ, ಮೊದಲ ಸಲವೇ. ಓದಿಯೂ ಮೈಸೂರಿನಿಂದ ಬರೆದ ಕಾಗದದಲ್ಲಿ ಆ ಸಾಲು ಇಲ್ಲವೇ ಇಲ್ಲ ಎಂಬಂತೆ ನಡೆದುಕೊಂಡೆ. ಒಗ್ಗಲಿಲ್ಲ ಎಂದು ಹೇಳಿ ಎಂದದ್ದು ನಿಮ್ಮನ್ನು ಉಳಿಸುವುದಕ್ಕಲ್ಲ ಅತ್ತಿಗೆ, ನನ್ನನ್ನು ಉಳಿಸಿಕೊಳ್ಳುವುದಕ್ಕೆ. ನೀವೇ ನನ್ನನ್ನು ಉಳಿಸಿ ಕುದೇರಿನ ಬಸ್ಸು ಹತ್ತಿದಿರಿ. ನಿಮ್ಮ ಕಾಗದ ಬಂದ ಮೇಲೂ ಒಂದು ದಿನ ಸುಮ್ಮನಿದ್ದೆ, ಎಂಥವಳು ನಾನು ನೋಡಿ.

ನಿನ್ನೆ ಕರೀಮುನ್ನೀಸಕ್ಕ ಅವ್ವನನ್ನು ನೋಡಲು ಬಂದರು. ನೀವೆಲ್ಲಿ ಎಂದು ಕೇಳಿದರು, ಹೇಳಿದೆ. ನನ್ನನ್ನು ಹಿತ್ತಲಿಗೆ ಕರೆದರು. "ಅವತ್ತು ಬೆಳಿಗ್ಗೆ ಭವ್ಯಂದು ಫೋನ್ ಬಂದಾಗ ನಿನ್ ಕೈಲಿ ಗ್ಲೌಸ್ ಇತ್ತು, ನಾನೇ ನಿನ್ ಕಿವಿಗೆ ಹಿಡ್ದಿದ್ದು. ಖಾಲಿ ಹೊಟ್ಟೇಲಿ ರಕ್ತ ಕೊಡೋಕೆ ಬಂದೋರು ಬಾಗಿಲತನಕ ನಿಂತಿದ್ರು. ನೀನು ಹೂಂ ಹೂಂ, ಹಂಗೇ ಮಾಡಿ ಅಂದೆ. ನಾನು ಕೇಳಿದೀನಿ. ಮನೇಲಿ ಹೇಳಿದ್ಯಾ?" ಎಂದರು. ಇಲ್ಲ ಎಂದೆ. ಅವರು ಟೀಯನ್ನೂ ಕುಡಿಯದೆ ಹೋದರು.

ಫೋನಿನಲ್ಲಿ ನೋಡಿದೆ. ಅಕ್ಟೋಬರ್ 25, ಬೆಳಿಗ್ಗೆ ಏಳು ನಲವತ್ತಾರು, ಐವತ್ತೆರಡು ಸೆಕೆಂಡು. ನೀವು ಏನು ಕೇಳಿದಿರಿ ಎಂದು ನನಗೆ ಈಗಲೂ ನೆನಪಿಲ್ಲ. ಕೇಳಿಸಿಕೊಂಡಿದ್ದರಲ್ಲವೇ ನೆನಪಿರುವುದು? ಸೊಪ್ಪು ತಿನ್ನಿಸುತ್ತೀರಾ, ಚಪ್ಪಲಿ ಹಾಕುತ್ತಾಳಾ ಎಂದು ಊರಿಗಿಲ್ಲದ ಪ್ರಶ್ನೆ ನಿಮಗೆ ಕೇಳಿದೆ. ಕಾರಣ ನನ್ನ ಕಿವಿಯಲ್ಲೇ ಇತ್ತು.

ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಅಣ್ಣ, ಅವ್ವ ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿದೆ. ಟ್ರಂಕಿನಿಂದ ನನ್ನ ಕಾಗದ ತೆಗೆದು, ನಿಮ್ಮವನ್ನೂ ಜೊತೆಗಿಟ್ಟು ಒಂದೊಂದಾಗಿ ಜೋರಾಗಿ ಓದಿದೆ. ಬೀದಿಯವರು ನಿಂತು ಕೇಳಿದರು, ಕೇಳಲಿ ಎಂದು ಬಿಟ್ಟೆ. ಅಣ್ಣ ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದು ಕುದೇರಿಗೆ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ. ಈ ಕಾಗದ ಅಂಚೆಗೆ ಹೋಗುವುದಿಲ್ಲ, ಅವನ ಕೈಯಲ್ಲೇ ಬರುತ್ತಿದೆ. ಅವನು ಮಾತಾಡದೆ ನಿಂತರೆ ಸಿಟ್ಟೆಂದು ತಿಳಿಯಬೇಡಿ. ನಾಚಿಕೆಯಾಗಿದೆ ಅವನಿಗೆ.

ಅವ್ವ ಎಲ್ಲ ಕೇಳಿ ಬೆರಳು ಮಡಚಿ ಬಿಡಿಸಿ ನೋಡಿಕೊಂಡಳು. ಈಗಿರುವುದು ಆ ವಿಟಮಿನ್ನು ಒಂದೇ, ದಿನಕ್ಕೊಂದು. ತಿಂಡಿಯಾದ ಮೇಲೆ ಅದನ್ನೂ ನೀರನ್ನೂ ತೆಗೆದುಕೊಂಡು ಹೋದೆ. ಬಾಯಿ ಬಿಗಿದುಕೊಂಡಳು. ಇವತ್ತು ಸೋಮವಾರವಲ್ಲವಲ್ಲ ಅವ್ವ ಎಂದೆ.

"ಅವ್ಳು ಗೊತ್ತಿಲ್ದೆ ಇದ್ದುದ್ನ ಕೇಳ್ಬುಟ್ಟು ಕೊಟ್ಲು. ನೀನು ಕೇಳುಸ್ಕಳ್ದೆ ಹೂಂ ಅಂದೆ. ಅವ್ಳು ಬರಗಂಟ ನಾ ಬಾಯ್ ತಗ್ಯಾಕಿಲ್ಲ ಕಣಮ್ಮಿ, ಓಗು."

ಮಾತ್ರೆ ತಟ್ಟೆಯಲ್ಲಿ ಹಾಗೇ ಇದೆ. ಬೇಗ ಬನ್ನಿ.

ಶಾಂತಿ